ಬಿರಡೆ ಬಿಚ್ಚದ ಮಳೆಗಾಲ

ಆ ಬೆಳಿಗ್ಗೆ ಮಳೆ ನಿಂತಿತ್ತು. ಹೊಸಬರಾದರೆ ಸಂತೋಷಪಡುತ್ತಿದ್ದರೇನೋ, ತಗ್ಗಿನ ಜೇಡಿಮಣ್ಣನ್ನು ಬಲ್ಲವರು ಪಡಲಿಲ್ಲ. ಮಳೆ ಸುರಿಯುತ್ತಿರುವಾಗ ಆ ಕೆಸರು ಅಂಬಲಿಯಷ್ಟು ತೆಳ್ಳಗೆ, ಚಕ್ರಕ್ಕೆ ದಾರಿ ಬಿಟ್ಟು ಹಿಂದಿನಿಂದ ಮತ್ತೆ ಕೂಡಿಕೊಳ್ಳುತ್ತದೆ. ಒಂದು ಹೊತ್ತು ಬಿಸಿಲು ಬಿತ್ತೋ, ಅದಕ್ಕೆ ಅಂಟು ಹುಟ್ಟುತ್ತದೆ, ಹಿಡಿದದ್ದನ್ನು ಬಿಡದ ಬುದ್ಧಿ ಬರುತ್ತದೆ. ಅವತ್ತು ಮೋಡ ಹರಿದು ಎಳೆಬಿಸಿಲು ನೆಲವನ್ನೆಲ್ಲ ಮುಟ್ಟಿತ್ತು. ಗಾಳಿಯಿರಲಿಲ್ಲ. ಇಟ್ಟಿಗೆ ಗೂಡುಗಳ ಹೊಗೆ ಮೇಲಕ್ಕೇಳಲಾರದೆ ತಗ್ಗಿನ ಮೇಲೇ ಮಲಗಿಕೊಂಡಿತ್ತು.

ಜೀಪಿನ ಯಜಮಾನ ಅಂಗಳದಲ್ಲಿ ನಿಂತು ಆ ಬಿಸಿಲನ್ನು ನೋಡಿದ. ಊದಿಕೊಂಡಿದ್ದ ಎಡಮಂಡಿಯನ್ನು ಒಮ್ಮೆ ಒತ್ತಿಕೊಂಡ. ಆಮೇಲೆ ದೇವರ ಹೆಸರು ಹೇಳಿ, ಗೋಣಿತಟ್ಟು ಹಾಸಿ, ಗಾಡಿಯ ಅಡಿಗೆ ತೂರಿಕೊಂಡ.

ಗಾಡಿ ಹಳೆಯದು. ದೊಡ್ಡ ರಸ್ತೆಗೂ ಇಟ್ಟಿಗೆ ಗೂಡುಗಳಿಗೂ ನಡುವೆ, ಮಣ್ಣು ತೆಗೆದೂ ತೆಗೆದೂ ಆದ ತಗ್ಗೊಂದಿದೆ. ಮಳೆಗಾಲದಲ್ಲಿ ಅಲ್ಲಿಗೆ ಬೇರಾವ ಗಾಡಿಯೂ ಇಳಿಯುವುದಿಲ್ಲ. ಬೆಳಿಗ್ಗೆ ಕೆಲಸಗಾರರನ್ನೂ ಕುಡಿಯುವ ನೀರಿನ ಡ್ರಮ್ಮುಗಳನ್ನೂ ಆಚೆ ದಡಕ್ಕೆ ದಾಟಿಸುವುದು, ಸಂಜೆ ಜನರನ್ನು ಈಚೆ ದಡಕ್ಕೆ ತರುವುದು, ಇದೇ ಜೀಪಿನ ಕೆಲಸ. ಯಜಮಾನನ ಮನೆ ನಡೆಯುವುದೂ ಅದರಿಂದಲೇ. ಮನೆಯಲ್ಲಿ ಮೂರೇ ಜನ: ಹೆಂಡತಿ ತೀರಿಕೊಂಡ ಮೇಲೆ ಒಂಟಿಯಾದ ಅವನು, ಒಬ್ಬಳೇ ಮಗಳು, ಮತ್ತು ಮನೆ ಅಳಿಯ.

ಜೀಪಿನ ವಿಷಯದಲ್ಲಿ ಯಜಮಾನನಿಗಿದ್ದದ್ದು ಒಂದೇ ಭಯ. ಬಹಳ ಹಿಂದೆ ಒಂದು ಮಳೆಗಾಲ ಕೆಸರು ಒಳಹೊಕ್ಕು, ಅದರ ಮರಳು ಕ್ಲಚ್ ಪ್ಲೇಟನ್ನು ಹಿಟ್ಟಿನ ಹಾಗೆ ಅರೆದುಹಾಕಿ, ಗಾಡಿ ತಿಂಗಳುಗಟ್ಟಲೆ ಅಂಗಳದಲ್ಲಿ ಕೂತಿತ್ತು. ಮನೆಯಲ್ಲಿ ಒಲೆ ಒಂದೇ ಹೊತ್ತು ಉರಿದ ದಿನಗಳು ಅವು. ಅಂದಿನಿಂದ ಅವನು ಕ್ಲಚ್ಚನ್ನು ಕೈಗೂಸಿನ ಹಾಗೆ ಕಾದ. ಕ್ಲಚ್ಚನ್ನು ಮುಚ್ಚಿರುವ ಎರಕದ ಗೂಡನ್ನು ಅವನು ‘ಕ್ಲಚ್ಚಿನ ಮನೆ’ ಎನ್ನುತ್ತಿದ್ದ. ಆ ಮನೆಯ ತಳದಲ್ಲಿ ಒಂದು ತೂತಿದೆ. ಇಂಜಿನ್ನಿನ ಹಿಂದಿನಿಂದ ಜಿನುಗುವ ಎಣ್ಣೆ ಒಳಗೆ ನಿಲ್ಲದೆ ಹೊರಗೆ ತೊಟ್ಟಿಕ್ಕಿ ಹೋಗಲಿ ಎಂದು ಗಾಡಿ ಮಾಡಿದವರೇ ಬಿಟ್ಟ ತೂತು ಅದು. ಆದರೆ ಕೆಸರಿಗೆ ಇಳಿದರೆ ಎಣ್ಣೆ ಹೋಗುವ ದಾರಿಯಲ್ಲೇ ಕೆಸರು ಬರುತ್ತದೆ. ಅದಕ್ಕಾಗಿ ಒಂದು ತಿರುಪಿನ ಬಿರಡೆ. ಇಳಿಯುವ ಮುಂಚೆ ಹಾಕಬೇಕು, ದಾಟಿದ ಮೇಲೆ ಬಿಚ್ಚಬೇಕು. ಆ ಕೆಲಸಕ್ಕೆ ಅವನು ಇನ್ನೊಬ್ಬರ ಕೈ ತಾಗಗೊಡುತ್ತಿರಲಿಲ್ಲ. ಅಳಿಯ ಬಂದ ಹೊಸತರಲ್ಲಿ ನಾನು ಹೋಗಲೇ ಎಂದು ಕೇಳಿದ್ದಕ್ಕೆ, ನೀನು ಓಡಿಸುವುದನ್ನು ಸರಿಯಾಗಿ ಓಡಿಸು, ಅಡಿಯದು ನನಗಿರಲಿ ಎಂದಿದ್ದ. ಹೀಗಾಗಿ ಜೀಪಿನ ಮೇಲುಭಾಗ ಅಳಿಯನದು, ಅಡಿಭಾಗ ಮಾವನದು ಎಂದು ಹಂಚಿಕೆಯಾದಂತಿತ್ತು.

ಹೋದ ಮಳೆಗಾಲದಲ್ಲಿ ಮಂಡಿ ಕೈಕೊಟ್ಟಿತು. ದಿನಕ್ಕೆ ಅಷ್ಟು ಸಲ ಮಲಗಿ ಏಳುವುದು ಯಾರಿಂದಾದೀತು? ಬೆಳಗಾದರೆ ಮತ್ತೆ ಅದೇ ಕೆಸರು, ಹಾಕಿದ್ದು ಹಾಕಿಯೇ ಇರಲಿ, ಒಳ್ಳೆಯದೇ ಆಯಿತಲ್ಲ ಎಂದುಕೊಂಡ. ಬಿರಡೆ ಬಿಗಿದ. ಅದರ ಮೇಲೆ ಗ್ರೀಸು ಮೆತ್ತಿದ. ಸಾಲದೆಂದು ಹಳೆಯ ಟ್ಯೂಬಿನ ರಬ್ಬರು ಕತ್ತರಿಸಿ, ಸಂದುಗೊಂದುಗಳಿಗೆಲ್ಲ ಬ್ಯಾಂಡೇಜು ಸುತ್ತಿದ ಹಾಗೆ ಸುತ್ತಿದ. ಮಳೆಗಾಲ ಮುಗಿಯುವವರೆಗೂ ಬಿಚ್ಚಲಿಲ್ಲ. ಹೊರಗಿನ ಶತ್ರುವಿಗೆ ಬಾಗಿಲು ಹಾಕಿದವನು ಒಳಗೆ ಏನು ತುಂಬುತ್ತಿದೆ ಎಂದು ನೋಡಲಿಲ್ಲ. ಎಣ್ಣೆ ತೊಟ್ಟು ತೊಟ್ಟಾಗಿ ಇಳಿಯಿತು, ಹೋಗಲು ದಾರಿಯಿಲ್ಲದೆ ನಿಂತಿತು, ನಿಂತು ಪ್ಲೇಟಿಗೆ ಹತ್ತಿತು.

ಮಳೆಗಾಲದ ಕೊನೆಯಲ್ಲಿ ಒಂದು ಬೆಳಿಗ್ಗೆ ತುಂಬಿದ ಜೀಪು ತಗ್ಗಿನ ನಟ್ಟನಡುವೆ ನಿಂತುಬಿಟ್ಟಿತು. ಇಂಜಿನ್ನು ಅರಚುತ್ತಿತ್ತು, ಚಕ್ರ ಅಲುಗಲಿಲ್ಲ. ಸುಟ್ಟ ವಾಸನೆ ದಡದವರೆಗೂ ಬಂತು. ಅವತ್ತು ಯಾವುದೋ ಕೆಲಸಕ್ಕೆ ದಡದಲ್ಲಿ ನಿಂತಿದ್ದ ಯಜಮಾನ, ಜೀಪನ್ನು ಎಳೆದು ತರುವವರೆಗೂ ತಾಳಲಿಲ್ಲ. ಎಲ್ಲರೆದುರಿಗೆ, ಅಳಿಯ ಇನ್ನೂ ಸೀಟಿನ ಮೇಲಿರುವಾಗಲೇ ಅಂದ:

"ಕ್ಲಚ್ ಮೇಲೆ ಕಾಲಿಟ್ಕೊಂಡು ನಿದ್ದೆ ಹೊಡೀತಾನೆ. ಇವನ ಕಾಲಿಗೆ ನನ್ನ ಗಾಡಿ ಕೊಟ್ನಲ್ಲ, ನಂಗೆ ಬುದ್ಧಿಯಿಲ್ಲ. ಇಳಿ ಕೆಳಗೆ."

ಅಳಿಯ ಇಳಿದ. ನಾನು ಕಾಲಿಟ್ಟಿರಲಿಲ್ಲ ಎಂದು ಒಂದೇ ಸಲ ಹೇಳಿದ. ಜನರಲ್ಲಿ ಕೆಲವರು ನಕ್ಕರು. ಹೆಂಗಾಳುಗಳ ಪೈಕಿ ರೇಡಿಯೋ ಅಕ್ಕ ಎಂದೊಬ್ಬಳಿದ್ದಳು. ಅವಳ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಎಲ್ಲ ಗೂಡುಗಳಿಗೂ ಮುಟ್ಟುತ್ತಿದ್ದುದರಿಂದ ಆ ಹೆಸರು. ಸೊಸೆಯ ಕಾಲ್ಗುಣ ಕೇಳಿದ್ದೆ, ಅಳಿಯನ ಕಾಲ್ಗುಣ ಇವತ್ತು ನೋಡಿದೆ ಎಂದು ಅವಳು ಅಂದದ್ದು ವರ್ಷವಿಡೀ ಸವೆಯದ ಮಾತಾಯಿತು.

ಅದೇ ಸಂಜೆ ಗ್ಯಾರೇಜಿನ ಮೇಸ್ತ್ರಿ ಕ್ಲಚ್ಚಿನ ಮನೆ ಬಿಚ್ಚಿದ. ಕಪ್ಪು ಎಣ್ಣೆ ಧಾರೆಯಾಗಿ ಸುರಿದು ಅವನ ಮೊಣಕೈ ತೋಯಿಸಿತು. ಯಜಮಾನನನ್ನು ಕರೆದು, ಇದು ಕಾಲಿನ ತಪ್ಪಲ್ಲ ಅಣ್ಣ, ಬಿರಡೆ ಬಿಚ್ಚದೆ ಬಿಟ್ಟಿದ್ದೀರಿ, ಎಣ್ಣೆ ಕುಡಿದ ಪ್ಲೇಟು ಎಷ್ಟು ಹೊತ್ತು ಹಿಡಿದೀತು ಎಂದ. ಯಜಮಾನ ಆ ಎಣ್ಣೆಯನ್ನು ನೋಡುತ್ತಾ ನಿಂತ. ಮನೆ ಮಾತು, ಇಲ್ಲಿಗೇ ಇರಲಿ ಎಂದ. ಮೇಸ್ತ್ರಿ ತಲೆಯಾಡಿಸಿದ.

ಮರುದಿನವೇ ಹೇಳಿಬಿಟ್ಟಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎಲ್ಲರೆದುರು ಎತ್ತಿದ ದನಿಯನ್ನು ಎಲ್ಲರೆದುರೇ ಇಳಿಸಬೇಕಾಗುತ್ತದೆ. ನಾಳೆ ಹೇಳೋಣ ಎಂದುಕೊಂಡ. ನಾಳೆಗೆ ಇನ್ನೊಂದು ನಾಳೆ ಸೇರಿತು. ಪ್ರತಿ ಬೆಳಿಗ್ಗೆ ದೇವರ ಮುಂದೆ ಮಾತ್ರ ಕೈಮುಗಿದು ತಪ್ಪಾಯಿತು ಎಂದು ಒಪ್ಪಿಕೊಳ್ಳುತ್ತಿದ್ದ. ದೇವರು ಯಾರಿಗೂ ಹೇಳುವುದಿಲ್ಲ ಎಂಬ ಧೈರ್ಯ ಅದರಲ್ಲಿತ್ತು. ಭಕ್ತಿಯಲ್ಲಿ ಇಂಥ ಜಾಣತನವೂ ಬೆರೆತಿರುತ್ತದೆ. ಮೇಲಿರುವವನು ಅದನ್ನೂ ಕೇಳಿಸಿಕೊಂಡು ಸುಮ್ಮನಿರುತ್ತಾನೆ.

ಅಂದಿನಿಂದ ಜೀಪನ್ನು ಯಜಮಾನನೇ ಓಡಿಸಿದ. ಅಳಿಯ ಹಿಂದುಗಡೆ ನೀರಿನ ಡ್ರಮ್ಮುಗಳ ಪಕ್ಕದಲ್ಲಿ ಕೂತ. ಹೂತಾಗ ಇಳಿದು ತಳ್ಳಿದ. ಬಿರಡೆ ಈಗ ದಾಟಿದಾಗಲೆಲ್ಲ ಬಿಚ್ಚಬೇಕು, ಅದನ್ನು ಅಳಿಯನಿಗೆ ಹೇಳುವಂತಿಲ್ಲ. ಹೇಳಿದರೆ ಹೋದ ವರ್ಷ ಯಾಕೆ ಬಿಚ್ಚಲಿಲ್ಲ ಎಂಬ ಮಾತು ಬಂದೇ ಬರುತ್ತದೆ. ಆ ವಯಸ್ಸಿನಲ್ಲಿ, ಆ ಮಂಡಿಯಲ್ಲಿ, ಅವನು ದಿನಕ್ಕೆ ನಾಲ್ಕು ಸಲ ಕೆಸರಿನಲ್ಲಿ ಮಲಗಿ ಎದ್ದ. ಮಗಳು ಎಣ್ಣೆ ಕಾಯಿಸಿ ತಿಕ್ಕುತ್ತಾ, ಸಾಕು ಬಿಡಪ್ಪ, ಕ್ಲಚ್ಚಿಗೋಸ್ಕರ ಪ್ರಾಣ ಬಿಡ್ತೀಯಲ್ಲ ಎಂದು ಗದರುತ್ತಿದ್ದಳು.

ಅಳಿಯನಿಗೆ ಸೀಟು ಹೋದದ್ದಕ್ಕಿಂತ ದೊಡ್ಡದೊಂದು ಹೋಗಿತ್ತು. ಅವತ್ತು ಮನೆಗೆ ಬಂದು, ನಾನು ಕಾಲಿಟ್ಟಿರಲಿಲ್ಲ ಕಣೇ ಎಂದು ಹೆಂಡತಿಗೆ ಹೇಳಿದಾಗ ಅವಳು ಜಗಳವಾಡಲಿಲ್ಲ, ಬಯ್ಯಲಿಲ್ಲ. ಅಪ್ಪ ಸುಮ್ಮಸುಮ್ಮನೆ ಹೇಳ್ತಾನಾ ಎಂದಳು, ಅಷ್ಟೆ. ಆಮೇಲೆ ಮನೆಯಲ್ಲಿ ಏನೇ ಕೆಟ್ಟರೂ, ಕೊಡ ಸೋರಲಿ, ಬಾಗಿಲ ಚಿಲಕ ಕಿತ್ತುಬರಲಿ, ಅವಳ ಕಣ್ಣು ಮೊದಲು ಗಂಡನ ಕಡೆ ಹೋಗುತ್ತಿತ್ತು. ಅವಳಿಗೇ ಅದು ತಿಳಿಯುತ್ತಿರಲಿಲ್ಲ. ಅವನಿಗೆ ತಿಳಿಯುತ್ತಿತ್ತು. ಊಟಕ್ಕೆ ಕೂತರೆ ತಟ್ಟೆ ಸದ್ದಾಗದಂತೆ ಎಳೆದುಕೊಳ್ಳುವುದನ್ನು ಅವನು ಕಲಿತ.

ಎಳೆಬಿಸಿಲು ಬಿದ್ದ ಆ ಬೆಳಿಗ್ಗೆ ಯಜಮಾನ ಬಿರಡೆ ಬಿಗಿದು, ಜೀಪಿನ ಅಡಿಯಿಂದ ತೆವಳಿ ಬಂದು, ಸೀಟು ಹತ್ತುವಾಗ ಎಡಗಾಲನ್ನು ಕೈಯಿಂದಲೇ ಎತ್ತಿ ಒಳಗಿಟ್ಟುಕೊಂಡ. ಅಳಿಯ ಹಿಂದಿನಿಂದ ಅದನ್ನು ನೋಡಿದ.

ದೊಡ್ಡ ರಸ್ತೆಯಲ್ಲಿ ಜನ ಹತ್ತಿದರು. ರೇಡಿಯೋ ಅಕ್ಕ ಎಂದಿನಂತೆ ಮುಂದಿನ ಸೀಟು ಹಿಡಿದಳು. ಅವಳ ಪಕ್ಕದಲ್ಲಿ ಗೂಡಿನ ಬೆಂಕಿ ನೋಡಿಕೊಳ್ಳುವ ಮುದುಕ, ಹಿಂದೆಲ್ಲ ಹೊರೆ ಹೊರುವವರು. ರಾತ್ರಿ ಹಟ್ಟಿಯಲ್ಲಿ ಯಾರ ಮೇಕೆ ಯಾರ ಹಾಸಿಗೆ ತಿಂದಿತು ಎಂಬ ವರದಿ ತಗ್ಗಿನ ಅಂಚಿನವರೆಗೂ ನಡೆಯಿತು. ಅಲ್ಲಿ ಯಜಮಾನ ಗಾಡಿ ನಿಲ್ಲಿಸಿ, ನಾಲ್ಕು ಚಕ್ರಕ್ಕೂ ಬಲ ಹಾಕುವ ಗೇರು ಕೂಡಿಸಿ ಇಳಿಸಿದ.

ಕೆಸರಿನಲ್ಲಿ ಗಾಡಿ ಬಿಡುವವರಿಗೆ ಗೊತ್ತಿರುವ ವಿದ್ಯೆ ಚಿಕ್ಕದು. ಇಳಿಯುವ ಮುಂಚೆಯೇ ಗೇರು ಆರಿಸಿಕೋ, ನಡುವೆ ಬದಲಾಯಿಸಬೇಡ, ಆತುರಪಡಬೇಡ, ಕ್ಲಚ್ಚಿನಿಂದ ಕಾಲು ಪೂರ್ತಿ ತೆಗೆ. ಅರ್ಧ ಒತ್ತಿದ ಕ್ಲಚ್ಚು ಅತ್ತ ಹಿಡಿಯುವುದೂ ಇಲ್ಲ, ಇತ್ತ ಬಿಡುವುದೂ ಇಲ್ಲ, ಉಜ್ಜಿಕೊಂಡೇ ಸಾಯುತ್ತದೆ. ಇದನ್ನು ಅಳಿಯನಿಗೆ ಕಲಿಸಿದವನೇ ಯಜಮಾನ. ಆದರೆ ಅವತ್ತು ಕಾಲು ಅವನ ಮಾತು ಕೇಳಲಿಲ್ಲ. ಎತ್ತಿದರೆ ಮಂಡಿಯಲ್ಲಿ ಸೂಜಿ ಆಡುತ್ತಿತ್ತು. ಪೆಡಲ್ಲಿನ ಮೇಲೆ ಹಗುರವಾಗಿ ಇಟ್ಟುಕೊಂಡರೆ ನೋವು ಇಳಿಯುತ್ತಿತ್ತು. ಹಗುರವಾಗಿಯೇ ಇಟ್ಟಿದ್ದೇನಲ್ಲ ಎಂದುಕೊಂಡ.

ಅಂಟುಗಟ್ಟಿದ ಕೆಸರು ನಡುದಾರಿಯಲ್ಲಿ ಹಿಡಿಯಿತು. ಇಂಜಿನ್ನು ದನಿಯೇರಿಸಿತು, ಚಕ್ರ ನಿಧಾನವಾಯಿತು, ನಿಂತಿತು. ಅವನು ಆಕ್ಸಿಲರೇಟರನ್ನು ಇನ್ನಷ್ಟು ಒತ್ತಿದ. ಆಗ ಆ ವಾಸನೆ ಬಂತು. ಕೂದಲು ಸುಟ್ಟಂಥ, ಚರ್ಮ ಸುಟ್ಟಂಥ, ಒಮ್ಮೆ ಮೂಗಿಗೆ ಬಿದ್ದರೆ ಮರೆಯದ ವಾಸನೆ. ಜೀಪಿನಲ್ಲಿದ್ದವರಿಗೆಲ್ಲ ಅದರ ಗುರುತಿತ್ತು. ಮೇಕೆಯ ಕತೆ ಅರ್ಧಕ್ಕೇ ನಿಂತಿತು.

ರೇಡಿಯೋ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು, ಮೆಲ್ಲಗೆ, ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವಳ ಹಾಗೆ ಕೇಳಿದಳು:

"ಅಣ್ಣ, ಈ ಸಲ ಯಾರ ಕಾಲು?"

ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಯಜಮಾನನಿಗೆ ರೇಗಲಾದರೂ ಒಂದು ದಾರಿ ಸಿಗುತ್ತಿತ್ತು.

ಅಳಿಯ ಹಿಂದಿನಿಂದ ಇಳಿದು, ತೊಡೆಯವರೆಗೆ ಹೂತ ಕಾಲುಗಳನ್ನು ಒಂದೊಂದಾಗಿ ಕಿತ್ತುಕೊಳ್ಳುತ್ತಾ ಮುಂದೆ ಬಂದ. ಇಂಜಿನ್ ಆಫ್ ಮಾಡಿ ಮಾವ, ತಣ್ಣಗಾಗಲಿ ಎಂದ. ಜನರನ್ನೆಲ್ಲ ಇಳಿಸಿದ. ಬೈದುಕೊಂಡೇ ಇಳಿದವರು ದಡ ಸೇರಿ, ಅವನು ಕೇಳಿದ್ದಕ್ಕೆ ಒಡೆದ ಇಟ್ಟಿಗೆಯ ಚೂರುಗಳನ್ನು ಬುಟ್ಟಿಗಳಲ್ಲಿ ಹೊತ್ತು ತಂದರು. ಅವನು ಬಗ್ಗಿ ಚಕ್ರಗಳ ಹಿಂದೆ ಮುಂದೆ ಕೈಯಿಂದ ಬಗೆದು ಚೂರುಗಳನ್ನು ಒತ್ತಿದ. ಬೆಂಕಿಯ ಮುದುಕ ದಡದಲ್ಲಿ ಕೂತು, ಗೂಡಿನ ಬೆಂಕಿಗೆ ನಾನು ಬೇಕು, ನನಗೇ ಇಲ್ಲಿ ಚಳಿ ಎಂದು ತನ್ನಷ್ಟಕ್ಕೆ ಗೊಣಗಿದ.

ಯಜಮಾನ ಒಬ್ಬನೇ ಸೀಟಿನ ಮೇಲೆ ಉಳಿದ. ಇಳಿಯಲು ಕಾಲು ಬರಲಿಲ್ಲ, ಕೂತಿರಲು ಮನಸ್ಸು ಬರಲಿಲ್ಲ. ಸುಳ್ಳಾಗಿ ಇನ್ನೊಬ್ಬನ ಕಾಲಿಗೆ ಕಟ್ಟಿದ ತಪ್ಪು ವರ್ಷ ತುಂಬುವುದರೊಳಗೆ ನಿಜವಾಗಿ ತನ್ನ ಕಾಲಿಗೇ ಬಂದು ಕೂತಿತಲ್ಲ ಎಂದು ಯೋಚಿಸಿದ. ದೇವರು ಯಾರಿಗೂ ಹೇಳುವುದಿಲ್ಲ ಎಂದು ನಂಬಿದ್ದ. ಹೇಳಲಿಲ್ಲ, ನಿಜ.

ಚೂರು ತುಂಬಿಸಿ ಮುಗಿದ ಮೇಲೆ ಅಳಿಯ ಪಕ್ಕಕ್ಕೆ ಬಂದು ನಿಂತ. ಕೇಳಲಿಲ್ಲ, ಕೈ ಚಾಚಲಿಲ್ಲ. ಯಜಮಾನ ಕಾಲನ್ನು ಕೈಯಿಂದ ಎತ್ತಿಕೊಂಡು ಪಕ್ಕದ ಸೀಟಿಗೆ ಜರುಗಿದ.

ಅಳಿಯ ಹತ್ತಿ ಕೂತ. ವರ್ಷದಿಂದ ಮುಟ್ಟದ ಸ್ಟೇರಿಂಗನ್ನು ಹಿಡಿಯುವ ಮುಂಚೆ ಅಂಗೈಗಳನ್ನು ಅಂಗಿಗೆ ಒರೆಸಿಕೊಂಡ. ಮೊದಲು ಜೀಪನ್ನು ಅದು ಬಂದ ಜಾಡಿನಲ್ಲೇ ಒಂದಿಷ್ಟು ಹಿಂದಕ್ಕೆ ಬಿಟ್ಟ, ಚಕ್ರ ಚೂರುಗಳ ಮೇಲೆ ಹತ್ತಿತು. ಆಮೇಲೆ ಮುಂದಕ್ಕೆ. ಕ್ಲಚ್ಚನ್ನು ಒಂದೇ ಸಲ ಒತ್ತಿದ, ಒಂದೇ ಸಲ ಬಿಟ್ಟ. ಬಿಟ್ಟವನೇ ಎಡಗಾಲನ್ನು ಹಿಂದಕ್ಕೆಳೆದು ಸೀಟಿನ ಅಡಿಗೆ ಮಡಚಿಕೊಂಡ. ದಡ ಮುಟ್ಟುವವರೆಗೂ ಆ ಕಾಲು ಅಲ್ಲೇ ಇತ್ತು. ಅವನು ಯಾವಾಗಲೂ ಹೀಗೇ ಓಡಿಸುತ್ತಿದ್ದನೆಂದು ಆ ಕಾಲು ಮಡಚಿಕೊಂಡ ಅಭ್ಯಾಸದಲ್ಲೇ ಕಾಣುತ್ತಿತ್ತು. ಕಂಡದ್ದು ಪಕ್ಕದಲ್ಲಿ ಕೂತವನಿಗೆ ಮಾತ್ರ.

ದಡದಲ್ಲಿ ಜನ ಡ್ರಮ್ಮುಗಳನ್ನು ಇಳಿಸಿಕೊಂಡು ಗೂಡುಗಳತ್ತ ಹೋದರು. ಯಜಮಾನ ಅಭ್ಯಾಸಬಲದಿಂದ ಗೋಣಿತಟ್ಟಿಗೆ ಕೈ ಹಾಕುವಷ್ಟರಲ್ಲಿ ಅಳಿಯ ಸೀಟಿನಡಿಯಿಂದ ಸ್ಪ್ಯಾನರು ತೆಗೆದು, ತಟ್ಟೂ ಹಾಸದೆ, ಕೆಸರಿನಲ್ಲೇ ಅಂಗಾತ ಮಲಗಿ ಗಾಡಿಯ ಅಡಿಗೆ ಹೋದ. ಹುಡುಕಲಿಲ್ಲ, ತಡಕಲಿಲ್ಲ. ಸ್ಪ್ಯಾನರು ನೇರವಾಗಿ ಬಿರಡೆಯ ಮೇಲೆ ಕೂತ ಸದ್ದು ಕೇಳಿಸಿತು. ಎರಡು ತೊಟ್ಟು ಎಣ್ಣೆ ಬಿತ್ತು.

ಅವನು ಎದ್ದು ಬಂದಾಗ ಯಜಮಾನ ಕೇಳಿದ:

"ಯಾವಾಗಿಂದ ಗೊತ್ತು?"

"ಬೇಸಿಗೆಯಿಂದ. ಟ್ಯೂಬು ತರೋಕೆ ಹೋದಾಗ ಮೇಸ್ತ್ರಿ ಹೇಳಿದ. ನಂಗೆ ಗೊತ್ತೇ ಇರುತ್ತೆ ಅಂದ್ಕೊಂಡು ಹೇಳಿದ ಪಾಪ."

"ಮತ್ತೆ ಇಷ್ಟು ದಿನ ಬಾಯಿ ಬಿಡಲಿಲ್ಲ?"

ಅಳಿಯ ಸ್ಪ್ಯಾನರನ್ನು ಒರೆಸುತ್ತಾ ನಿಂತ. ಉತ್ತರ ಹುಡುಕುತ್ತಿದ್ದಂತೆ ಕಾಣಲಿಲ್ಲ. ಬಹಳ ದಿನ ಒಳಗಿಟ್ಟುಕೊಂಡು ನುಣುಪಾದ ಮಾತನ್ನು ಹೊರಗೆ ತೆಗೆದ ಹಾಗಿತ್ತು.

"ನೀವೇ ಹೇಳ್ತೀರಿ ಅಂತ ಮೊದಲು ಕಾದೆ. ಆಮೇಲೆ ಮಳೆ ಶುರುವಾಯ್ತು. ದಿನಾ ನೀವು ಮಂಡಿ ಹಿಡ್ಕೊಂಡು ಕೆಳಗೆ ತೂರೋದನ್ನ ಹಿಂದೆ ಕೂತು ನೋಡ್ತಿದ್ದೆ. ಹೊಟ್ಟೆ ತಣ್ಣಗಾಗ್ತಿತ್ತು ಮಾವ. ನಾನೇ ಹೋಗಿ ಬಿಚ್ಚಬಹುದಿತ್ತು. ಹೋಗಲಿಲ್ಲ. ಅದು ನನ್ನ ಪಾಪ, ಅದಕ್ಕೆ ನಾನು ಉತ್ತರ ಕೊಟ್ಕೋತೀನಿ."

ಒಂದು ಮನೆಯೊಳಗೆ ಇಬ್ಬರು, ಒಬ್ಬ ಬಚ್ಚಿಟ್ಟುಕೊಂಡು, ಇನ್ನೊಬ್ಬ ಅದನ್ನು ಕಂಡೂ ಕಾಣದವನಾಗಿ, ಒಂದೇ ಒಲೆಯ ಅನ್ನ ಉಂಡಿದ್ದರು. ಒಳಗೇ ನಿಂತದ್ದು ಇಬ್ಬರಿಗೂ ಹತ್ತಿತ್ತು.

ಯಜಮಾನ, ಇವತ್ತಿನಿಂದ ಗಾಡಿ ನೀನೇ ಓಡಿಸು, ಸೀಟು ನಿನ್ನದೇ ಎಂದ. ಬೇಕಾದರೆ ಗೂಡಿನವರೆದುರಿಗೂ ಹೇಳುತ್ತೇನೆ, ಆ ರೇಡಿಯೋ ಕಿವಿಗೆ ಹಾಕಿದರೆ ಸಾಕು, ಮಧ್ಯಾಹ್ನದೊಳಗೆ ಮುಗಿಯುತ್ತದೆ ಎಂದು ನಗಲು ನೋಡಿದ. ಅಳಿಯ ನಗಲಿಲ್ಲ.

"ಗೂಡಿನವರು ನಂಬಿದ್ರೆ ನಂಗೇನಾಗ್ಬೇಕು? ಅವರು ನಾಳೆ ಇನ್ನೊಬ್ಬನ್ನ ಆಡ್ಕೋತಾರೆ. ಸೀಟು ಕಿತ್ಕೊಂಡಿದ್ದು ಇಲ್ಲಿ, ಇಲ್ಲೇ ಕೊಟ್ರಿ, ಸರಿಹೋಯ್ತು. ಇನ್ನೊಂದು ಕಿತ್ಕೊಂಡಿದ್ದು ಮನೇಲಿ. ಅದನ್ನ ನಾನು ಕೇಳಿ ಇಸ್ಕೊಳ್ಳೋಕಾಗಲ್ಲ. ನಾನು ಹೇಳಿದ್ರೆ ಅವಳು ನಂಬಲ್ಲ. ನೀವು ಹೇಳಿದ್ರೆ ಮಾತ್ರ ನಂಬ್ತಾಳೆ. ಅದೇ ನೋಡಿ ಕಷ್ಟ."

ಯಜಮಾನ ನೆಲ ನೋಡಿದ. ಗೂಡಿನ ಜನರೆಲ್ಲರ ಮುಂದೆ ಹೇಳುವುದು ಇದಕ್ಕಿಂತ ಸುಲಭವಿತ್ತು. ತಾಯಿಯಿಲ್ಲದ ಮಗಳಿಗೆ ಅಪ್ಪ ಸುಳ್ಳಾಡುವುದಿಲ್ಲ ಎಂಬುದೊಂದೇ ಗಟ್ಟಿ ನೆಲ. ಆ ನೆಲದ ಮೇಲೆ ನಿಂತೇ ಅವಳು ಗಂಡನನ್ನು ನಂಬದೆ ಹೋದದ್ದು. ಹೇಳಿದರೆ ಅಳಿಯನಿಗೆ ಹೆಂಡತಿ ಸಿಗುತ್ತಾಳೆ. ತನಗೆ ಮಗಳು ಉಳಿಯುತ್ತಾಳೋ ಇಲ್ಲವೋ.

ಸಂಜೆ ಜನರನ್ನು ಈಚೆಗೆ ತರುವಾಗ ಅಳಿಯನೇ ಓಡಿಸಿದ. ಯಜಮಾನ ಹಿಂದುಗಡೆ ಡ್ರಮ್ಮುಗಳ ಪಕ್ಕ ಕೂತ. ಮುಂದೆ ಬಾ ಅಣ್ಣ, ನಿನಗಲ್ಲದ ಸೀಟೇ ಎಂದು ರೇಡಿಯೋ ಅಕ್ಕ ಜಾಗ ಬಿಡಲು ಹೊರಟರೂ ಬೇಡವೆಂದ. ಹಿಂದಿನಿಂದ ನೋಡಿದರೆ ಮುಂದಿದ್ದವರ ಬೆನ್ನುಗಳೇ ಕಾಣುತ್ತವೆ, ಮುಖ ಒಂದೂ ಕಾಣುವುದಿಲ್ಲ. ವರ್ಷವಿಡೀ ಇವನು ಇದನ್ನೇ ನೋಡಿದನಲ್ಲ ಎಂದು ಅವನಿಗೆ ಮೊದಲ ಸಲ ತೋರಿತು. ಡ್ರಮ್ಮು ಕುಲುಕಿದಾಗಲೆಲ್ಲ ಅಂಚು ಪಕ್ಕೆಗೆ ಬಡಿಯುತ್ತಿತ್ತು.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅಳಿಯ ನಲ್ಲಿಯ ಹತ್ತಿರ ಜೀಪು ನಿಲ್ಲಿಸಿ, ಮಣ್ಣು ಗಟ್ಟಿಯಾಗುವ ಮೊದಲೇ ಅಡಿಯನ್ನು ತೊಳೆಯಲು ಬಕೆಟ್ಟು ಹಿಡಿದ. ಯಜಮಾನ ಗೋಡೆ ಹಿಡಿದುಕೊಂಡು ಒಳಗೆ ಬಂದ.

ಮಗಳು ಅಡಿಗೆಮನೆಯ ಹೊಸ್ತಿಲ ಬಳಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅಪ್ಪನ ನಡಿಗೆ ನೋಡಿ, ಮಂಡಿ ಮತ್ತೆ ಊದಿತಾ, ನೀರು ಕಾಯಿಸ್ತೀನಿ ಇರು ಎಂದು ಏಳಹೋದಳು. ಅವನು ಕೂತಿರು ಎಂದ. ಗೋಡೆಗೊರಗಿ, ಕಾಲು ಚಾಚಿ, ಅವಳೆದುರಿಗೆ ನೆಲದ ಮೇಲೆ ಕೂತ. ನೆಲದ ಮೇಲೆ ಕೂರಬಾರದೆಂದು ಹೇಳಿದ್ದಾರಲ್ಲ ಎಂದು ಅವಳು ಗದರಿದಳು. ಇವತ್ತು ಗಾಡಿ ಹೂತದ್ದು ಹೇಳಿದ. ಮತ್ತೆ ಕ್ಲಚ್ಚಾ ಎಂದವಳ ಕಣ್ಣು ತನಗರಿವಿಲ್ಲದೆ ಹೊರಗೆ ನಲ್ಲಿಯ ಕಡೆ ಹೋಯಿತು. ಅಪ್ಪ ಆ ಕಣ್ಣು ಹೋದ ದಾರಿಯನ್ನು ನೋಡಿದ. ಇಷ್ಟು ದಿನ ಅದನ್ನು ಅವನು ನೋಡಿರಲಿಲ್ಲ, ಅಥವಾ ನೋಡುವುದನ್ನು ತಪ್ಪಿಸಿಕೊಂಡಿದ್ದ.

"ಆ ಕಡೆ ನೋಡಬೇಡ ಮಗಳೇ. ಈ ಕಡೆ ನೋಡು."

ಅವಳು ತಿರುಗಿದಳು. ಕೈ ಇನ್ನೂ ಅಕ್ಕಿಯಲ್ಲೇ ಇತ್ತು. ಅವನು ಮನಸ್ಸಿನಲ್ಲೇ ಒಮ್ಮೆ ದೇವರ ಹೆಸರು ಹೇಳಿಕೊಂಡ. ಈ ಸಲ ಕ್ಷಮೆ ಕೇಳಲಿಲ್ಲ, ಬಾಯಿ ಬರಲಿ ಎಂದಷ್ಟೇ ಕೇಳಿದ. ಆಮೇಲೆ, ತನ್ನದಲ್ಲದ ವಸ್ತುವನ್ನು ಅದರ ಒಡೆಯನ ಮನೆಯ ಜಗುಲಿಯ ಮೇಲೆ ಸದ್ದಾಗದಂತೆ ಇಟ್ಟು ಬರುವವನ ಹಾಗೆ, ತಗ್ಗಿದ ದನಿಯಲ್ಲಿ ಹೇಳಿದ:

"ಹೋದ ವರ್ಷ ಕ್ಲಚ್ ಸುಟ್ಟಿದ್ದು ನಿನ್ನ ಗಂಡನ ಕಾಲಿಂದಲ್ಲ. ಅವನು ಕಾಲಿಟ್ಟಿರಲಿಲ್ಲ. ನಾನು ಬಿರಡೆ ಬಿಚ್ಚದೆ ಬಿಟ್ಟಿದ್ದೆ, ಎಣ್ಣೆ ನಿಂತು ಹಾಳಾಯ್ತು. ಅದು ನಂಗೆ ಅವತ್ತು ಸಂಜೆನೇ ಗೊತ್ತಾಯ್ತು. ಗೊತ್ತಿದ್ದೂ ನಿಂಗೆ ಹೇಳಲಿಲ್ಲ."

ಅಕ್ಕಿಯಲ್ಲಿ ಆಡುತ್ತಿದ್ದ ಬೆರಳು ನಿಂತಿತು. ಹೊರಗೆ ಜೀಪಿಗೆ ನೀರೆರಚುತ್ತಿದ್ದ ಸದ್ದೂ ನಿಂತಿತು.